ಉಸಿರಿನ ಮಾದರಿ ಹಿಡಿಯಲು ಯಾವ ಸಾಧನ? ಬಳಸಿದವರ ಅನುಭವ ಬೇಕು

ಪ್ರಶ್ನೆ:
ಸಿಒಪಿಡಿ (ಗಾಳಿದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ರೋಗಿಗಳ ಉಸಿರಿನಲ್ಲಿರುವ ವಿಒಸಿಗಳನ್ನು (ಸುಲಭವಾಗಿ ಆವಿಯಾಗುವ ಸಾವಯವ ಸಂಯುಕ್ತಗಳು) ಥರ್ಮಲ್ ಡಿಸಾರ್ಪ್ಶನ್ ಜಿಸಿ-ಎಂಎಸ್‌ನಲ್ಲಿ ನೋಡಬೇಕಿದೆ (ಟ್ಯೂಬಿನೊಳಗಿನ ಹೀರುಪುಡಿಯಲ್ಲಿ ಆವಿಗಳನ್ನು ಹಿಡಿದು, ಬಿಸಿಮಾಡಿ ಬಿಡಿಸಿ, ಬೇರ್ಪಡಿಸಿ ಗುರುತಿಸುವ ವಿಧಾನ). ಮಾದರಿ ತೆಗೆಯುವುದು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ. ಯಂತ್ರ ಇರುವುದು ಎರಡು ಗಂಟೆ ದಾರಿಯ ಇನ್ನೊಂದು ಕ್ಯಾಂಪಸ್‌ನಲ್ಲಿ. ನೋಡುತ್ತಿರುವುದು ಮೂರನ್ನು: ಟೆಡ್ಲಾರ್ ಬ್ಯಾಗ್ (ಪ್ಲಾಸ್ಟಿಕ್ ಹಾಳೆಯ ಚೀಲ), ಬಯೋ-ವಿಒಸಿ ಥರದ ಕೈಯಲ್ಲಿ ಹಿಡಿಯುವ ಸಿರಿಂಜ್, ರೆಸಿವಾ ಥರದ ಮುಖವಾಡದ ಯಂತ್ರ. ಕೊಳ್ಳುವ ಮುಂಚೆ ಏನೇನು ಪರೀಕ್ಷೆ ಮಾಡಿ ಹೋಲಿಸಬೇಕು? ಬಳಸಿದವರು ದಯವಿಟ್ಟು ತಿಳಿಸಿ.

ಉತ್ತರ 1 (ಜಿಸಿ-ಎಂಎಸ್ ನೋಡಿಕೊಳ್ಳುವವರು):
ಮೊದಲು ರೋಗಿಯೇ ಇಲ್ಲದೆ ಸಾಧನವನ್ನು ಪರೀಕ್ಷಿಸಿ. ಶುದ್ಧ ನೈಟ್ರೋಜನ್ನನ್ನು ನೀರಿನ ಬಬ್ಲರ್ ಮೂಲಕ ಹಾಯಿಸಿ ತೇವ ಮಾಡಿಕೊಂಡು, ಉಸಿರು ಹಿಡಿಯುವ ರೀತಿಯಲ್ಲೇ ಪ್ರತಿ ಸಾಧನದಿಂದ ಹಿಡಿಯಿರಿ. ಒಣ ನೈಟ್ರೋಜನ್ ಸಾಲದು, ಉಸಿರಿನ ತೇವಕ್ಕೆ ಪ್ಲಾಸ್ಟಿಕ್ ಬಿಟ್ಟುಕೊಡುವುದೇ ಬೇರೆ. ಬ್ಯಾಗ್ ಆದರೆ ತುಂಬಿ ಎರಡು ಗಂಟೆ ಇಟ್ಟು ಆಮೇಲೆ ಟ್ಯೂಬಿಗೆ ಎಳೆಯಿರಿ, ನಿಮ್ಮ ದಾರಿಯ ಹೊತ್ತೂ ಲೆಕ್ಕಕ್ಕೆ ಬರಬೇಕು. ಒಂದೊಂದು ಸಾಧನದಿಂದ ಕನಿಷ್ಠ ಆರು ಬ್ಲ್ಯಾಂಕ್ (ಉಸಿರಿಲ್ಲದ ಖಾಲಿ ಮಾದರಿ) ತೆಗೆಯಿರಿ. ಅವುಗಳ ಸರಾಸರಿಗೆ ಪ್ರಮಾಣಿತ ವಿಚಲನೆಯ ಮೂರು ಪಟ್ಟು ಸೇರಿಸಿದ ಮಟ್ಟವನ್ನು ನಿಮ್ಮ ಸಂಯುಕ್ತ ದಾಟದಿದ್ದರೆ ಆ ಸಾಧನ ಆ ಸಂಯುಕ್ತಕ್ಕೆ ಆಗಿಬರುವುದಿಲ್ಲ.

ಏನು ಕಾಣಿಸುತ್ತದೆ ಅಂತ ಈಗಲೇ ಹೇಳಿಬಿಡುತ್ತೇನೆ. ಟೆಡ್ಲಾರ್‌ನಲ್ಲಿ ಫೀನಾಲ್ ಮತ್ತು ಡೈಮೀಥೈಲ್ ಅಸಿಟಮೈಡ್ ದೊಡ್ಡ ಪೀಕ್ ಆಗಿ ಬಂದೇ ಬರುತ್ತವೆ, ಎರಡೂ ಆ ಹಾಳೆಯಿಂದಲೇ ಹೊರಬೀಳುವಂಥವು. ಸಿಲಿಕೋನ್ ಮುಖವಾಡದಲ್ಲಿ ಸೈಲಾಕ್ಸೇನ್‌ಗಳು (ಸಿಲಿಕೋನಿನಿಂದ ಬರುವ ಆವಿಗಳು, ಯಂತ್ರದಲ್ಲಿ 73, 147, 207, 281 ಅಯಾನುಗಳನ್ನು ನೋಡಿ). ಟ್ಯೂಬಿನ ಹೀರುಪುಡಿ ಟೆನಾಕ್ಸ್ ಹಳತಾದರೆ ಬೆಂಜಾಲ್ಡಿಹೈಡ್, ಅಸಿಟೋಫೀನೋನ್. ಇವನ್ನು ರೋಗದ ಗುರುತು ಅಂತ ಬರೆದುಕೊಂಡು ಹೋದರೆ ಮುಂದೆ ಕಷ್ಟ.

ಬ್ಯಾಗಿನ ಇನ್ನೊಂದು ತೊಂದರೆ ನೀರು. ಒಂದು ಲೀಟರ್ ಉಸಿರಿನಲ್ಲಿ ಸುಮಾರು 35ರಿಂದ 40 ಮಿಲಿಗ್ರಾಂ ನೀರಿನ ಆವಿ ಇರುತ್ತದೆ. 25 ಡಿಗ್ರಿ ಗಾಳಿ ಹಿಡಿಯಬಲ್ಲದ್ದು ಲೀಟರಿಗೆ 23 ಮಿಲಿಗ್ರಾಂ. ಉಳಿದದ್ದು ಒಳಗೋಡೆಯಲ್ಲಿ ಹನಿಯಾಗಿ ಕೂರುತ್ತದೆ. ಅಸಿಟೋನ್, ಎಥನಾಲ್‌ನಂಥ ನೀರಲ್ಲಿ ಕರಗುವಂಥವು ಆ ಹನಿಗಳಿಗೆ ಸೇರಿಕೊಂಡು ಅಳತೆ ಕಡಿಮೆ ಬರುತ್ತದೆ. ಅದಕ್ಕೇ ಬ್ಯಾಗನ್ನು 40 ಡಿಗ್ರಿಗೆ ಬೆಚ್ಚಗಿಟ್ಟು ವರ್ಗಾಯಿಸುತ್ತಾರೆ. ಪಂಪ್ ಇರಬೇಕಾದ್ದು ಟ್ಯೂಬಿನ ಆಚೆ ಬದಿಗೆ. ಬ್ಯಾಗಿಗೂ ಟ್ಯೂಬಿಗೂ ನಡುವೆ ಕೂರಿಸಿದರೆ ಪಂಪಿನ ಒಳಗಿನ ಕೊಳೆಯೆಲ್ಲ ಮಾದರಿಗೆ ಬರುತ್ತದೆ.

ನಿಮ್ಮ ದೂರಕ್ಕೆ ಹೇಳುವುದಾದರೆ, ಬ್ಯಾಗನ್ನು ಸಾಗಿಸಬೇಡಿ. ಆಸ್ಪತ್ರೆಯಲ್ಲೇ ಟ್ಯೂಬಿಗೆ ಹಾಕಿ, ಪಿಟಿಎಫ್ಇ ಫೆರೂಲ್ (ಟೆಫ್ಲಾನ್ ಬಿಗಿಯುಂಗುರ) ಇರುವ ಹಿತ್ತಾಳೆ ಮುಚ್ಚಳ ಬಿಗಿದು, 4 ಡಿಗ್ರಿಯಲ್ಲಿಟ್ಟು ಕಳಿಸಿ.

ಉತ್ತರ 2 (ಒಪಿಡಿಯಲ್ಲಿ ಮಾದರಿ ತೆಗೆಯುವವರು):
ಬ್ಲ್ಯಾಂಕ್ ವಿಚಾರ ಸರಿ. ಆದರೆ ಸಾಧನವನ್ನು ಬಳಸಬೇಕಾದವರು ಉಬ್ಬಸದ ರೋಗಿಗಳು, ಅದನ್ನು ಮರೆಯಬೇಡಿ. ಉಸಿರಿನ ಮೊದಲ ಸುಮಾರು 150 ಮಿಲಿ ಬಾಯಿ, ಗಂಟಲು, ಶ್ವಾಸನಾಳದ್ದು, ಶ್ವಾಸಕೋಶದ ಆಳದ್ದಲ್ಲ. ಬಯೋ-ವಿಒಸಿ ಸಿರಿಂಜ್ ಒಂದೇ ಉಸಿರಿನ ಕೊನೆಯ ಭಾಗವನ್ನು ಹಿಡಿಯುತ್ತದೆ, ಸುಮಾರು 130 ಮಿಲಿ. ಪೂರ್ತಿ ಊದಲಾಗದ ರೋಗಿಯ 'ಕೊನೆಯ ಭಾಗ' ಆರೋಗ್ಯವಂತರದಕ್ಕೆ ಸಮವಲ್ಲ. ಹಾಗಾಗಿ ರೋಗಿ ಗುಂಪಿಗೂ ಹೋಲಿಕೆ ಗುಂಪಿಗೂ ನಡುವೆ ಕಾಣುವ ವ್ಯತ್ಯಾಸ ಊದುವ ಶಕ್ತಿಯದೇ ಆಗಿರಬಹುದು. ಇಂಗಾಲದ ಡೈಆಕ್ಸೈಡ್ ನೋಡಿಕೊಂಡು ಪಂಪ್ ಶುರುಮಾಡುವ ಮುಖವಾಡದ ಯಂತ್ರಕ್ಕೆ ಇಲ್ಲಿ ಮೇಲುಗೈ. ರೋಗಿ ಸಹಜವಾಗಿ ಉಸಿರಾಡುತ್ತಿದ್ದರೆ ಸಾಕು.

ಮುಖವಾಡಕ್ಕೂ ಕಾಟ ಇದೆ. ದಟ್ಟ ಗಡ್ಡ ಇದ್ದವರಲ್ಲಿ ಅಂಚಿನಿಂದ ಸೋರುತ್ತದೆ, ಕೋಣೆಯ ಗಾಳಿ ಸೇರಿಕೊಳ್ಳುತ್ತದೆ. ರೋಗಿ ಒಳಗೆಳೆಯಲು ಶುದ್ಧ ಗಾಳಿ ಪೂರೈಸುವ ಘಟಕವನ್ನೂ ಜೊತೆಗೇ ಬೆಲೆ ಕಟ್ಟಿಸಿ. ಬ್ಯಾಕ್ಟೀರಿಯಾ ಫಿಲ್ಟರ್ ಬಿಡುವಂತಿಲ್ಲ, ಟಿಬಿ ಇರುವ ಒಪಿಡಿಯಲ್ಲಂತೂ ಕಡ್ಡಾಯ. ಫಿಲ್ಟರೂ ವಾಸನೆ ಬಿಡುತ್ತದೆ, ಅದನ್ನು ಹಾಕಿಕೊಂಡೇ ಬ್ಲ್ಯಾಂಕ್ ತೆಗೆಯಿರಿ, ಇಡೀ ಅಧ್ಯಯನಕ್ಕೆ ಒಂದೇ ಲಾಟ್ ತರಿಸಿ.

ರೋಗಿಯನ್ನು ಹತ್ತು ನಿಮಿಷ ಕೂರಿಸಿ ಆಮೇಲೆ ತೆಗೆಯಿರಿ. ಮೆಟ್ಟಿಲು ಹತ್ತಿ ಬಂದವರಲ್ಲಿ ಐಸೊಪ್ರೀನ್ (ಉಸಿರಿನಲ್ಲಿ ಸಹಜವಾಗಿರುವ ಒಂದು ವಿಒಸಿ) ಜಿಗಿದಿರುತ್ತದೆ. ಒಬ್ಬರಿಂದಲೇ ಮೂರೂ ಸಾಧನದಲ್ಲಿ ತೆಗೆಯುವಾಗ ಕ್ರಮ ಚೀಟಿ ಎತ್ತಿ ಬದಲಿಸುತ್ತಿರಿ, ಇಲ್ಲದಿದ್ದರೆ ಕೊನೆಯ ಸಾಧನಕ್ಕೆ ದಣಿದ ಉಸಿರೇ ಸಿಗುತ್ತದೆ. ಪ್ರತಿ ಸಲವೂ ಅಷ್ಟೇ ಪರಿಮಾಣದ ಕೋಣೆ ಗಾಳಿಯನ್ನೂ ಒಂದು ಟ್ಯೂಬಿಗೆ ಹಿಡಿಯಿರಿ. ಹ್ಯಾಂಡ್ ಸ್ಯಾನಿಟೈಸರ್‌ನ ಐಸೊಪ್ರೊಪನಾಲ್ ಎಲ್ಲ ಮಾದರಿಯಲ್ಲೂ ಇರುತ್ತದೆ. ಎಲೆಅಡಿಕೆ ಹಾಕಿ ಬಂದವರಲ್ಲಿ ಯೂಜಿನಾಲ್, ಬೆಳ್ಳುಳ್ಳಿ ಊಟ ಮಾಡಿದವರಲ್ಲಿ ಮರುದಿನದವರೆಗೂ ಅಲೈಲ್ ಮೀಥೈಲ್ ಸಲ್ಫೈಡ್. ನಮ್ಮ ಊಟದ ಪಟ್ಟಿಯನ್ನು ಪ್ರಶ್ನಾವಳಿಯಲ್ಲಿ ಸೇರಿಸದೆ ಹೊರಗಿನ ಫಾರಂ ನಕಲು ಮಾಡಿದರೆ ಇದೆಲ್ಲ ತಪ್ಪಿಹೋಗುತ್ತದೆ.

ಉತ್ತರ 3:
ನೈಟ್ರೋಜನ್ ಬ್ಲ್ಯಾಂಕ್‌ನಿಂದ ಸಾಧನ ಏನು ಸೇರಿಸುತ್ತದೆ ಅಂತ ಗೊತ್ತಾಗುತ್ತದೆ, ಏನು ನುಂಗುತ್ತದೆ ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಪೆಪರ್‌ಮಿಂಟ್ ಪ್ರಯೋಗ ಮಾಡಿ. ಬೇರೆಬೇರೆ ದೇಶದ ಉಸಿರು ಸಂಶೋಧನಾ ಗುಂಪುಗಳು ತಮ್ಮ ವಿಧಾನಗಳನ್ನು ಹೋಲಿಸಲು ಒಪ್ಪಿಕೊಂಡ ಕ್ರಮ ಇದು. 200 ಮಿಲಿಗ್ರಾಂ ಪೆಪರ್‌ಮಿಂಟ್ ಎಣ್ಣೆಯ ಕ್ಯಾಪ್ಸೂಲ್ ನುಂಗುವ ಮುಂಚೆ ಒಂದು ಮಾದರಿ, ಆಮೇಲೆ 60, 90, 165, 285, 360ನೇ ನಿಮಿಷಕ್ಕೆ ಒಂದೊಂದು. ಆ ಎಣ್ಣೆಯಲ್ಲಿರುವ ಯೂಕಲಿಪ್ಟಾಲ್, ಆಲ್ಫಾ ಮತ್ತು ಬೀಟಾ ಪೈನೀನ್, ಮೆಂಥೋನ್ ಉಸಿರಿನಲ್ಲಿ ಇಳಿಯುವ ಗೆರೆಯನ್ನು ಪ್ರತಿ ಸಾಧನಕ್ಕೂ ಬಿಡಿಸಿ. ಎಲ್ಲ ಬಿಂದುಗಳೂ ಒಂದೇ ಪ್ರಮಾಣದಲ್ಲಿ ಕೆಳಗಿದ್ದರೆ ಪರಿಮಾಣದ ಅಳತೆ ತಪ್ಪಿದೆ ಅಥವಾ ಗೋಡೆ ಹೀರುತ್ತಿದೆ. ಶುರು ಸರಿಯಾಗಿದ್ದು ಬಾಲ ಮಾತ್ರ ಇಳಿಯದೆ ನಿಂತರೆ ಹಿಂದಿನ ಮಾದರಿಯ ಶೇಷ ಉಳಿದಿದೆ. ಮರುಬಳಕೆಯ ಸಿರಿಂಜ್ ಮತ್ತು ಬ್ಯಾಗಿನಲ್ಲಿ ಸಾಮಾನ್ಯವಾಗಿ ನೋಡಬೇಕಾದ್ದು ಇದನ್ನೇ. ಕ್ಯಾಪ್ಸೂಲನ್ನು ಕಚ್ಚಬಾರದು, ಬಾಯಲ್ಲಿ ಒಡೆದರೆ ಆ ದಿನದ ಪ್ರಯೋಗ ಹೋದ ಹಾಗೆ. ಬೆಳಿಗ್ಗೆ ಪುದೀನ ಪೇಸ್ಟಿನಲ್ಲಿ ಹಲ್ಲುಜ್ಜಿದವರನ್ನೂ ಕೈಬಿಡಿ.

ಮತ್ತೆ ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ. ನಮ್ಮ ಪಟ್ಟಿಯಲ್ಲಿ ಐಸೊಪ್ರೀನ್ ಮುಖ್ಯ. ಟ್ಯೂಬ್ ಟೆನಾಕ್ಸ್ ಟಿಎ ಸಾಕೇ?

ಉತ್ತರ 1 (ಮುಂದುವರಿಕೆ):
ಸಾಲದು ಮೇಡಂ. ಐಸೊಪ್ರೀನ್ ಹಗುರ, ಟೆನಾಕ್ಸ್ ಟಿಎ ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಟೆನಾಕ್ಸ್ ಟಿಎ ಹಿಂದೆ ಕಾರ್ಬೋಗ್ರಾಫ್ 5ಟಿಡಿ (ಇನ್ನೂ ಬಲವಾಗಿ ಹಿಡಿಯುವ ಪುಡಿ) ಇರುವ ಎರಡು ಪದರದ ಟ್ಯೂಬ್ ತೆಗೆದುಕೊಳ್ಳಿ. ಉಸಿರು ಟೆನಾಕ್ಸ್ ಕಡೆಯಿಂದಲೇ ಒಳಹೋಗಬೇಕು, ಡಿಸಾರ್ಪ್ಶನ್ ಎದುರು ದಿಕ್ಕಿನಿಂದ. ಟ್ಯೂಬ್ ತಿರುಗುಮುರುಗಾದರೆ ಭಾರದ ಸಂಯುಕ್ತಗಳು ಬಲವಾದ ಪದರದಲ್ಲಿ ಸಿಕ್ಕಿಕೊಂಡು ಬರುವುದೇ ಇಲ್ಲ. ಮಾರ್ಕ್ಸ್ (Markes) ಕಂಪನಿಯ ಟ್ಯೂಬಿನಲ್ಲಿ ಗೀರು ಇರುವ ತುದಿ ಮಾದರಿಯ ತುದಿ, ನರ್ಸ್‌ಗೆ ಅದನ್ನು ಕೈಯಲ್ಲಿ ಹಿಡಿಸಿ ತೋರಿಸಿ.

ಐಸೊಪ್ರೀನ್ ಟ್ಯೂಬಿನಲ್ಲಿ ನಿಲ್ಲದೆ ದಾಟಿಹೋಗುತ್ತಿದೆಯೇ ಅಂತ ತಿಳಿಯಲು ಎರಡು ಟ್ಯೂಬನ್ನು ಸಾಲಾಗಿ ಜೋಡಿಸಿ 500 ಮಿಲಿ ಎಳೆಯಿರಿ. ಎರಡನೆಯದರಲ್ಲಿ ಮೊದಲನೆಯದರ ಶೇಕಡ 5ಕ್ಕಿಂತ ಹೆಚ್ಚು ಐಸೊಪ್ರೀನ್ ಕಂಡರೆ ಪರಿಮಾಣ ಇಳಿಸಿ. ನೀರು ಕಳೆಯಲು ಡ್ರೈ ಪರ್ಜ್ (ಟ್ಯೂಬಿನ ಮೂಲಕ ಒಣ ಅನಿಲ ಹಾಯಿಸುವುದು) ಮಾಡುವಾಗಲೂ ಇದೇ ಎಚ್ಚರ ಬೇಕು, ನಿಮಿಷಕ್ಕೆ 50 ಮಿಲಿಯಂತೆ ಹಾಯಿಸಿದ ಅನಿಲವೂ ಐಸೊಪ್ರೀನನ್ನು ಮುಂದಕ್ಕೆ ತಳ್ಳುತ್ತದೆ. ಪಂಪಿನ ಪರದೆ ಹೇಳುವ ಪರಿಮಾಣವನ್ನು ನಂಬಬೇಡಿ. ಫ್ಲೋ ಮೀಟರ್ ಹಾಕಿ, ಟ್ಯೂಬ್ ಕೂರಿಸಿದ ಸ್ಥಿತಿಯಲ್ಲೇ ಅಳೆಯಿರಿ. ಪುಡಿ ಒತ್ತಾಗಿ ತುಂಬಿದ ಟ್ಯೂಬಿನಲ್ಲಿ ಹರಿವು ಕಡಿಮೆ. ನಾಲ್ಕು ಟ್ಯೂಬಿಗೆ ಒಟ್ಟಿಗೆ ಎಳೆಯುವ ಯಂತ್ರದಲ್ಲಿ ನಾಲ್ಕರ ಐಸೊಪ್ರೀನನ್ನೂ ಪಕ್ಕಪಕ್ಕ ಇಟ್ಟು ನೋಡಿ, ಯಾವ ಜಾಗ ಸೋರುತ್ತಿದೆ ಅನ್ನುವುದು ಅಲ್ಲೇ ಸಿಗುತ್ತದೆ. ಡೆಮೊಗೆ ಯಂತ್ರ ತಂದಾಗ ಮಾರಾಟಗಾರರ ಟ್ಯೂಬ್ ಬೇಡ, ನೀವೇ ಕಂಡೀಷನ್ ಮಾಡಿದ (ಬಿಸಿಮಾಡಿ ಶುಚಿಗೊಳಿಸಿದ) ಟ್ಯೂಬ್ ಕೊಟ್ಟು ತೆಗೆಸಿ.