ತಾತನ ಚೇತಕ್‌ಗೆ ಕಿಕ್ ಹೊಡೆಯೋದು ನಿಲ್ಲಿಸು, ಮೊದಲು ಪ್ಲಗ್ ಬಿಚ್ಚಿ ನೋಡು

ಪುಟ್ಟಿ, ನೀನು ಹಾಕಿದ ವಿಡಿಯೋ ನೋಡಿದೆ. ತಿಪಟೂರಿನ ಮನೆಯಲ್ಲಿ ಕೊಬ್ಬರಿ ಅಟ್ಟದ ಕೆಳಗೆ ಹೋದ ಮಳೆಗಾಲದಿಂದ ನಿಂತಿದ್ದ ತಾತನ ಚೇತಕ್ ಸ್ಕೂಟರನ್ನ ಹೊರಗೆ ತಂದು ಬೆಳಿಗ್ಗೆಯಿಂದ ಕಿಕ್ ಹೊಡೀತಿದೀಯ, ಒಂದು ಸಲವೂ ಬುರ್ ಅಂದಿಲ್ಲ. ಅದಕ್ಕೆ ಗ್ರೂಪಿನಲ್ಲಿ ಎಲ್ಲರೂ ಒಂದೊಂದು ಹೇಳಿದ್ದಾರೆ. ನಿಮ್ಮ ಚಿಕ್ಕಪ್ಪ ಗಾಡಿ ಒಂದು ಕಡೆ ವಾಲಿಸಿ ಕಿಕ್ ಹೊಡಿ ಅಂದರು, ಒಬ್ಬರು ಬ್ಯಾಟರಿ ಹೋಗಿದೆ ಅಂದರು, ಇನ್ನೊಬ್ಬರು ಪ್ಲಗ್ ತೂತಿಗೆ ಪೆಟ್ರೋಲ್ ಬಿಡು ಅಂದರು, ಭಾವ ಗುಜರಿಗೆ ಹಾಕಿಬಿಡಿ ಅಂದಿದ್ದಾರೆ. ನಾನು ಹೇಳೋದು ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳು.

ಮೊದಲು ಕಿಕ್ ಹೊಡೆಯೋದು ನಿಲ್ಲಿಸು. ಕಾಲು ನೋವು ಒಂದು ಕಡೆ ಇರಲಿ, ಹೊಡೆದಷ್ಟೂ ಪೆಟ್ರೋಲು ಒಳಗೆ ತುಂಬಿ ಪ್ಲಗ್, ಅಂದರೆ ಎಂಜಿನ್ನಿನೊಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್, ನೆನೆಯುತ್ತದೆ. ಆಮೇಲೆ ನಿಜವಾದ ತೊಂದರೆ ಯಾವುದು, ನಾವು ಮಾಡಿಕೊಂಡಿದ್ದು ಯಾವುದು ಗೊತ್ತಾಗಲ್ಲ. ಗ್ಯಾರೇಜಿನಲ್ಲಿ ಕೂತಿದ್ದಾಗ ಇಂಥ ಗಾಡಿ ನನ್ನ ಹತ್ತಿರ ಎಷ್ಟೋ ಬಂದಿವೆ. ತಿಂಗಳುಗಟ್ಟಲೆ ನಿಂತ ಸ್ಕೂಟರ್ ಸ್ಟಾರ್ಟ್ ಆಗಲ್ಲ ಅಂದರೆ ಎಂಜಿನ್ ಹೋಗಿದೆ ಅಂತ ಅಲ್ಲ. ಪೆಟ್ರೋಲ್, ಕರೆಂಟ್, ಗಾಳಿ, ಕಂಪ್ರೆಷನ್ (ಪಿಸ್ಟನ್ ಒಳಗಿನ ಗಾಳಿಯನ್ನು ಒತ್ತುವ ಬಲ), ಇವುಗಳಲ್ಲಿ ಒಂದು ಕೈಕೊಟ್ಟಿರುತ್ತದೆ ಅಷ್ಟೇ. ಯಾವುದು ಅಂತ ಪ್ಲಗ್ಗೇ ಹೇಳುತ್ತದೆ.

ಬ್ಯಾಟರಿ ವಿಷಯ ಇಲ್ಲೇ ಮುಗಿಸಿಬಿಡ್ತೀನಿ. ಅದು 1984ರ ಗಾಡಿ, ಪಾಯಿಂಟ್ (ಸರಿಯಾದ ಹೊತ್ತಿಗೆ ಕಿಡಿ ಹಾರಿಸುವ ಸಣ್ಣ ಸ್ವಿಚ್ಚು) ಇರುವಂಥದ್ದು. ಅದರಲ್ಲಿ ಕಿಡಿಗೆ ಬೇಕಾದ ಕರೆಂಟು ಎಂಜಿನ್ ಜೊತೆ ತಿರುಗುವ ಮ್ಯಾಗ್ನೆಟ್‌ನಿಂದ ಬರುತ್ತದೆ, ಬ್ಯಾಟರಿಯಿಂದ ಅಲ್ಲ. ಬ್ಯಾಟರಿ ಇಲ್ಲದಿದ್ದರೂ ಸ್ಟಾರ್ಟ್ ಆಗಬೇಕು. ಯಾರು ಹೇಳಿದರೂ ಸುಮ್ನೆ ದುಡ್ಡು ಕೊಟ್ಟು ಹೊಸದು ತರಬೇಡ.

ಈಗ ಬಲಗಡೆಯ ಸೈಡ್ ಕವರ್ ತೆಗಿ, ಎಂಜಿನ್ ಕಾಣುತ್ತದೆ. ಪ್ಲಗ್ ಕ್ಯಾಪ್ ಹಿಡಿದು ಎಳಿ, ವೈರ್ ಹಿಡಿದು ಎಳೆಯಬೇಡ. ಡಿಕ್ಕಿಯಲ್ಲಿ ತಾತನ ಟೂಲ್ ಚೀಲ ಇರಬೇಕು, ಅದರಲ್ಲಿ ಉದ್ದನೆ ಕೊಳವೆ ಥರದ ಪ್ಲಗ್ ಸ್ಪ್ಯಾನರ್ ಇರುತ್ತದೆ. ಬಿಚ್ಚಿದ ತಕ್ಷಣ ಒರೆಸಬೇಡ, ಬಿಸಿಲಿನಲ್ಲಿ ಹಿಡಿದು ಚೆನ್ನಾಗಿ ನೋಡು. ಅಷ್ಟು ಕಿಕ್ ಹೊಡೆದ ಮೇಲೂ ಪ್ಲಗ್ ಒಣಗಿದ್ದು, ಪೆಟ್ರೋಲ್ ವಾಸನೆಯೂ ಇಲ್ಲ ಅಂದರೆ ಪೆಟ್ರೋಲ್ ಅಲ್ಲಿವರೆಗೆ ಬರುತ್ತಿಲ್ಲ. ಒದ್ದೆ ಇದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ ಅಥವಾ ಜಾಸ್ತಿ ಕುಡಿದಿದೆ. ಇನ್ನೊಂದು ನೋಡು, ತುದಿಯಲ್ಲಿ ಬಾಗಿರುವ ತಂತಿಗೂ ನಡುವಿನ ಕಡ್ಡಿಗೂ ಮಧ್ಯೆ ಸಣ್ಣ ಸಂದು ಇರುತ್ತದೆ, 0.6 ಮಿಲಿಮೀಟರಿನಷ್ಟು. ಚೇತಕ್‌ನಂಥ ಟೂ ಸ್ಟ್ರೋಕ್ ಗಾಡಿಗಳಲ್ಲಿ, ಅಂದರೆ ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಗಾಡಿಗಳಲ್ಲಿ, ಆಯಿಲ್ ಸುಟ್ಟ ಮಸಿ ಆ ಸಂದಿಯಲ್ಲಿ ಕೂದಲೆಳೆಯಷ್ಟು ಸೇತುವೆ ಕಟ್ಟಿಕೊಳ್ಳುತ್ತದೆ. ಕಣ್ಣಿಗೆ ಕಾಣೋದೇ ಕಷ್ಟ, ಆದರೆ ಅಷ್ಟು ಸಾಕು, ಕರೆಂಟು ಅದರ ಮೇಲೆ ಹರಿದು ಹೋಗುತ್ತೆ, ಕಿಡಿ ಹಾರುವುದೇ ಇಲ್ಲ. ಅದಿದ್ದರೆ ಹಳೇ ಬ್ರಷ್‌ನಿಂದ ಉಜ್ಜಿ ತೆಗಿ. ಹಳೇ ಪ್ಲಗ್ ಆದರೆ ಹೊಸದೇ ಹಾಕು. ಅಂಗಡಿಗೆ ಹಳೆಯದನ್ನು ತಗೊಂಡು ಹೋಗಿ ಅದೇ ನಂಬರಿನದು ಕೇಳು.

ಕಿಡಿ ಪರೀಕ್ಷೆಗೆ ಇಬ್ಬರು ಬೇಕು. ತಮ್ಮನ್ನ ಕರಿ. ಇದನ್ನು ನೆರಳಲ್ಲಿ ಮಾಡಿ, ಬಿಸಿಲಲ್ಲಿ ಕಿಡಿ ಕಾಣಲ್ಲ. ಪೆಟ್ರೋಲ್ ಕಾಕ್ (ಟ್ಯಾಂಕಿನಿಂದ ಪೆಟ್ರೋಲ್ ಬಿಡುವ ನಲ್ಲಿ) ಮುಚ್ಚಿ, ಪ್ಲಗ್ ತೂತಿಗೆ ಒಣ ಬಟ್ಟೆ ಒತ್ತಿ, ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ಕಬ್ಬಿಣದ ಭಾಗ ಎಂಜಿನ್ನಿಗೆ ತಾಗುವ ಹಾಗೆ ತೂತಿನಿಂದ ದೂರ ಇಡು, ಆಮೇಲೆ ತಮ್ಮ ಕಿಕ್ ಹೊಡೀಲಿ. ದೂರ ಅಂತ ಯಾಕೆ ಹೇಳ್ತಿದೀನಿ ಅಂದರೆ ಆ ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಬರುತ್ತದೆ, ಕಿಡಿ ಪಕ್ಕದಲ್ಲೇ ಇದ್ದರೆ ಹೊತ್ತಿಕೊಳ್ಳುತ್ತೆ. ಅದಕ್ಕೇ ಪ್ಲಗ್ ತೂತಿಗೆ ಪೆಟ್ರೋಲ್ ಬಿಡು ಅಂದಿದ್ದನ್ನೂ ಸದ್ಯಕ್ಕೆ ಮಾಡಬೇಡ. ನೀಲಿ ಕಿಡಿ ಚಟಪಟ ಅಂತ ಬಂದರೆ ಕರೆಂಟ್ ಸರಿ ಇದೆ. ಹಳದಿಯಾಗಿ, ಸಣ್ಣಗೆ, ಬಂದರೂ ಬಾರದ ಹಾಗೆ ಇದ್ದರೆ ಸರಿ ಇಲ್ಲ.

ಕಿಡಿ ಇಲ್ಲ ಅಂದರೆ ನನಗೆ ಮೊದಲ ಅನುಮಾನ ಇಲಿ. ಕೊಬ್ಬರಿ ಇರುವ ಕಡೆ ಇಲಿ ಇಲ್ಲದೆ ಇರುತ್ತಾ? ಪ್ಲಗ್ಗಿಗೆ ಬರುವ ದಪ್ಪ ವೈರನ್ನು ಕಾಯಿಲ್‌ನಿಂದ (ಕಿಡಿಗೆ ಕರೆಂಟು ಏರಿಸಿ ಕೊಡುವ ಭಾಗ) ಕ್ಯಾಪಿನವರೆಗೆ ಬೆರಳಾಡಿಸಿ ನೋಡು, ಎಲ್ಲಾದರೂ ಕಚ್ಚಿದ ಗುರುತು ಸಿಗುತ್ತಾ ಅಂತ. ಕ್ಯಾಪನ್ನು ತಿರುಗಿಸಿದರೆ ವೈರಿನಿಂದ ಕಳಚಿಕೊಳ್ಳುತ್ತದೆ, ವೈರಿನ ತುದಿ ಕಪ್ಪಗಾಗಿದ್ದರೆ ಅರ್ಧ ಬೆರಳು ಕತ್ತರಿಸಿ ಮತ್ತೆ ತಿರುಗಿಸಿ ಕೂರಿಸು. ಎಂಜಿನ್ ಆಫ್ ಮಾಡುವ ಸ್ವಿಚ್ಚಿನ ವೈರು ಎಲ್ಲಾದರೂ ಸಿಪ್ಪೆ ಸುಲಿದು ಬಾಡಿಗೆ ತಾಗುತ್ತಿದ್ದರೂ ಅಷ್ಟೇ, ಆಫ್ ಮಾಡಿಟ್ಟ ಹಾಗೇ ಇರುತ್ತದೆ, ಎಷ್ಟು ಕಿಕ್ ಹೊಡೆದರೂ ಕಿಡಿ ಬರಲ್ಲ. ಆ ಒಂದು ವೈರು ಬಿಡಿಸಿ ಪರೀಕ್ಷೆ ಮಾಡಬಹುದು.

ಇವೆಲ್ಲ ಸರಿ ಇದ್ದರೆ ಪಾಯಿಂಟ್. ಫ್ಯಾನ್ ಕವರ್ ಬಿಚ್ಚಿದರೆ ಮ್ಯಾಗ್ನೆಟ್‌ನಲ್ಲಿರುವ ಕಿಂಡಿಯಿಂದ ಅದು ಕಾಣುತ್ತದೆ, ಎರಡು ಸಣ್ಣ ಬಿಲ್ಲೆ ಒಂದಕ್ಕೊಂದು ತಾಗಿ ಬಿಡುವ ಹಾಗೆ. ಗಾಡಿ ಮಳೆಗಾಲವೆಲ್ಲ ನಿಂತರೆ ಆ ಬಿಲ್ಲೆಗಳ ಮೇಲೆ ಬೂದು ಬಣ್ಣದ ತೆಳು ಪೊರೆ ಕೂರುತ್ತದೆ, ಕರೆಂಟ್ ದಾಟಲ್ಲ. ನುಣುಪಾದ ಎಮರಿ ಪೇಪರ್‌ನ ಸಣ್ಣ ಪಟ್ಟಿಯನ್ನು ಮಧ್ಯೆ ತೂರಿಸಿ ನಾಲ್ಕು ಸಲ ಮೆಲ್ಲಗೆ ಎಳಿ, ಆಮೇಲೆ ಶುದ್ಧ ಕಾಗದದ ಪಟ್ಟಿ ಎಳೆದು ಪುಡಿ ತೆಗಿ. ಪೂರ್ತಿ ತೆರೆದುಕೊಂಡಾಗ ಸಂದು 0.3ರಿಂದ 0.5 ಮಿಲಿಮೀಟರ್ ಇರಬೇಕು. ಈ ಕೆಲಸಕ್ಕೆ ಹತ್ತು ನಿಮಿಷ ಸಾಕು, ಆದರೆ ಎಷ್ಟೋ ಕಡೆ ಇದನ್ನು ಮುಟ್ಟದೆ ನೇರ ಬೋರ್ (ಪಿಸ್ಟನ್ ಓಡಾಡುವ ಕೊಳವೆ) ಹೋಗಿದೆ, ಪಿಸ್ಟನ್ ಹಾಕಬೇಕು ಅಂತ ಬಿಲ್ ಮಾಡ್ತಾರೆ. ಈಗಿನ ಹುಡುಗರಿಗೆ ಪಾಯಿಂಟ್ ನೋಡಿಯೇ ಗೊತ್ತಿರಲ್ಲ, ಅವರದೂ ತಪ್ಪಲ್ಲ. ಊರಲ್ಲಿ ವಯಸ್ಸಾದ ಮೇಸ್ತ್ರಿ ಯಾರಾದರೂ ಇದ್ದರೆ ಅವರ ಹತ್ತಿರವೇ ಹೋಗು.

ಇನ್ನು ಪೆಟ್ರೋಲ್. ಟ್ಯಾಂಕಿನಲ್ಲಿ ಇರೋದನ್ನು ನಂಬಬೇಡ, ಅರ್ಧ ಟ್ಯಾಂಕ್ ಇದೆ ಅಂತ ಆಸೆನೂ ಪಡಬೇಡ. ಪೆಟ್ರೋಲನ್ನು ಗಾಳಿ ಜೊತೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್‌ಗೆ ಹೋಗುವ ಪೈಪ್ ಕಿತ್ತು, ಕಾಕ್ ತಿರುಗಿಸಿ, ಒಂದು ಗಾಜಿನ ಬಾಟಲಿಗೆ ಬಿಡು. ಅದನ್ನು ಅಲ್ಲಾಡಿಸದೆ ಸ್ವಲ್ಪ ಹೊತ್ತು ಇಟ್ಟು ನೋಡು. ತಳದಲ್ಲಿ ಬೇರೆ ಪದರ ನಿಂತಿದ್ದರೆ ಅದು ನೀರು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಹೆಚ್ಚೂಕಡಿಮೆ ಎಲ್ಲಾ ಕಡೆ ಶೇಕಡಾ 20 ಎಥೆನಾಲ್ ಇರುತ್ತದೆ, 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಅದಕ್ಕೆ ಚಾಲನೆ ಕೊಟ್ಟಿದ್ದು. ದಿನಾ ಓಡುವ ಗಾಡಿಗೆ ಅದು ಬೇರೆ ಮಾತು. ನಿಂತ ಗಾಡಿಯಲ್ಲಿ ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಜಾಸ್ತಿ ಆದರೆ ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ಕಾಕ್ ತೆರೆದಾಗ ಮೊದಲು ಕಾರ್ಬುರೇಟರ್‌ಗೆ ಹೋಗೋದೇ ಆ ತಳದ್ದು. ನಲವತ್ತು ವರ್ಷದ ಹಿಂದಿನ ರಬ್ಬರ್ ಪೈಪ್, ವಾಷರ್‌ಗಳನ್ನೂ ಅದು ಹಾಳು ಮಾಡುತ್ತದೆ. ಪೈಪನ್ನು ಬೆರಳಲ್ಲಿ ಬಗ್ಗಿಸಿ ನೋಡು, ಬಿರುಕು ಕಂಡರೆ ಅಥವಾ ಅಂಟಂಟಾಗಿದ್ದರೆ ಬದಲಾಯಿಸು, ಹಾಗೇ ಬಿಡಬೇಡ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕೋದು ತಮಾಷೆ ಅಲ್ಲ. ಹೊಸದಾಗಿ ಒಂದು ಲೀಟರ್ ಹಾಕಿಸು, ಅದಕ್ಕೆ 20 ಎಂಎಲ್ 2ಟಿ, ಅಂದರೆ ಟೂ ಸ್ಟ್ರೋಕ್ ಆಯಿಲ್ ಬೆರೆಸು. ಆಯಿಲ್ ಮರೆತರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ನೀನು ಓಡಿಸುವ ಈಗಿನ ಸ್ಕೂಟರ್‌ಗೆ ಇದೆಲ್ಲ ಇಲ್ಲ, ಅದಕ್ಕೇ ಒತ್ತಿ ಹೇಳ್ತಿದೀನಿ.

ಹೊಸ ಪೆಟ್ರೋಲ್ ಪೈಪಿನಲ್ಲಿ ಧಾರಾಳವಾಗಿ ಬರುತ್ತಿದ್ದು, ಆಮೇಲೂ ಪ್ಲಗ್ ಒಣಗೇ ಇದ್ದರೆ ಕಾರ್ಬುರೇಟರ್ ಕಟ್ಟಿದೆ. ಹಳೇ ಪೆಟ್ರೋಲ್ ಆರಿಹೋಗಿ ಉಳಿದ ಆಯಿಲ್ ಅಂಟು ಅಂಟಾಗಿ ಜೆಟ್‌ನಲ್ಲಿ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ತಿರುಪಿನಲ್ಲಿ, ಕೂತಿರುತ್ತದೆ. ಸ್ಲೋ ಜೆಟ್‌ನ ರಂಧ್ರ ಅರ್ಧ ಮಿಲಿಮೀಟರೂ ಇಲ್ಲ, ಒಂದು ಕಣ ಸಿಕ್ಕಿಕೊಂಡರೂ ಮುಗೀತು. ಜೆಟ್ ಬಿಚ್ಚಿ ಪೆಟ್ರೋಲಿನಲ್ಲಿ ನೆನೆಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಬೆಳಕಿಗೆ ಹಿಡಿದು ಆಚೆ ಕಡೆ ಕಾಣುತ್ತಾ ನೋಡು. ಪಿನ್ನು, ಸೂಜಿ ಹಾಕಲೇಬೇಡ. ಜೆಟ್ ಹಿತ್ತಾಳೆಯದು, ರಂಧ್ರ ದೊಡ್ಡದಾದರೆ ಆ ಗಾಡಿ ಮತ್ತೆ ಹದಕ್ಕೆ ಬರಲ್ಲ. ಬೇಕೇ ಬೇಕು ಅಂದರೆ ಕರೆಂಟ್ ವೈರಿನೊಳಗಿನ ಒಂದೇ ಒಂದು ತಾಮ್ರದ ಎಳೆ. ಅಲ್ಲೇ ಇರುವ ಏರ್ ಫಿಲ್ಟರನ್ನೂ ಪೆಟ್ರೋಲಲ್ಲಿ ತೊಳಿ.

ಚಿಕ್ಕಪ್ಪ ಹೇಳಿದ ವಾಲಿಸೋ ವಿಷಯ ಸುಳ್ಳಲ್ಲ. ವಾಲಿಸಿದಾಗ ಕಾರ್ಬುರೇಟರ್‌ನೊಳಗಿನ ಫ್ಲೋಟ್ ಅಲ್ಲಾಡಿ ಪೆಟ್ರೋಲ್ ಸ್ವಲ್ಪ ಜಾಸ್ತಿ ಇಳಿಯುತ್ತದೆ, ಚೋಕ್ ಎಳೆದಂತೆಯೇ. ಒಣ ಪ್ಲಗ್ಗಿಗೆ ಅದು ಒಳ್ಳೇದು. ಪ್ಲಗ್ ಆಗಲೇ ಒದ್ದೆ ಇದ್ದರೆ ವಾಲಿಸಿದಷ್ಟೂ ಕೆಡುತ್ತದೆ. ಆಗ ಕಾಕ್ ಮುಚ್ಚಿ, ಪ್ಲಗ್ ಬಿಚ್ಚಿಟ್ಟು, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹತ್ತು ಹದಿನೈದು ಕಿಕ್ ಹೊಡಿ. ಒಳಗಿನ ಪೆಟ್ರೋಲ್ ಆಚೆ ಹೋಗಲಿ. ಹಾಗೇ ಪ್ಲಗ್ ಇಲ್ಲದಾಗಲೇ ಆ ತೂತಿಗೆ ಹೆಬ್ಬೆರಳು ಗಟ್ಟಿಯಾಗಿ ಒತ್ತಿ ಹಿಡಿ, ತಮ್ಮ ಕಿಕ್ ಹೊಡೆದಾಗ ಬೆರಳನ್ನು ನೂಕಿಕೊಂಡು ಗಾಳಿ ಬಂದರೆ ಕಂಪ್ರೆಷನ್ ಇದೆ, ಎಂಜಿನ್ ಬಿಚ್ಚುವ ಅಗತ್ಯ ಇಲ್ಲ ಅಂತ ಯಾರಿಗೆ ಬೇಕಾದರೂ ಧೈರ್ಯವಾಗಿ ಹೇಳು. ವಿಡಿಯೋದಲ್ಲಿ ಕಿಕ್ಕರ್ ಸಲೀಸಾಗಿ ಕೆಳಗೆ ಹೋಗ್ತಿದೆ, ಅಂದರೆ ಪಿಸ್ಟನ್ ಹಿಡಿದುಕೊಂಡಿಲ್ಲ. ಅದೇ ದೊಡ್ಡ ಸಮಾಧಾನ ನನಗೆ.

ಸೈಲೆನ್ಸರ್ ಬಾಯಿಯನ್ನೂ ಟಾರ್ಚ್ ಬಿಟ್ಟು ನೋಡು. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಅಂಥ ಕೊಳವೆ ಅಂದರೆ ಇಷ್ಟ. ಹೊಗೆ ಹೊರಗೆ ಹೋಗದಿದ್ದರೆ ಬೇರೆಲ್ಲ ಸರಿ ಇದ್ದರೂ ಗಾಡಿ ಉಸಿರಾಡಲ್ಲ.

ಎಲ್ಲಾ ಜೋಡಿಸಿದ ಮೇಲೆ ಕಾಕ್ ತೆರೆದು ಒಂದು ನಿಮಿಷ ಬಿಡು, ಕಾರ್ಬುರೇಟರ್ ತುಂಬಲಿ. ಚೋಕ್ ಎಳಿ, ಆಕ್ಸಿಲರೇಟರ್ ಮುಟ್ಟಬೇಡ, ಎರಡು ಸಲ ಮೆಲ್ಲಗೆ ಕಿಕ್ ಒತ್ತಿ ಮೂರನೆಯದಕ್ಕೆ ಜೋರಾಗಿ ಹೊಡಿ. ಆಗದಿದ್ದರೆ ಸೆಕೆಂಡ್ ಗೇರ್ ಹಾಕಿ, ಕ್ಲಚ್ ಹಿಡಿದು, ತಮ್ಮನ ಕೈಲಿ ತಳ್ಳಿಸಿ ಕ್ಲಚ್ ಬಿಡು. ಗೇರ್ ಗಾಡಿಗೆ ಇದೊಂದು ಅನುಕೂಲ. ಸ್ಟಾರ್ಟ್ ಆದಾಗ ಅಂಗಳ ತುಂಬ ಬಿಳೀ ಹೊಗೆ ಬರುತ್ತದೆ, ಹೆದರಬೇಡ, ಒಳಗೆ ನಿಂತ ಆಯಿಲ್ ಸುಡುತ್ತಿರುತ್ತದೆ. ಆದರೆ ಹೊಗೆ ನಿಲ್ಲದೆ ಬರುತ್ತಲೇ ಇದ್ದರೆ, ಅಥವಾ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಾನೇ ಜೋರಾಗಿ ಕಿರುಚೋಕೆ ಶುರು ಮಾಡಿದರೆ, ತಕ್ಷಣ ಆಫ್ ಮಾಡು. ಒಳಗಿನ ಆಯಿಲ್ ಸೀಲ್ ಒಣಗಿ ಬಿಟ್ಟಿದೆ ಅಂತ ಅರ್ಥ, ಅದು ಮನೇಲಿ ಮಾಡುವ ಕೆಲಸ ಅಲ್ಲ. ಸ್ವಲ್ಪ ದೂರ ಓಡಿ ನಿಂತುಹೋಗಿ, ಟ್ಯಾಂಕಿನ ಮುಚ್ಚಳ ತೆಗೆದರೆ ಮತ್ತೆ ಓಡಿದರೆ ಮುಚ್ಚಳದ ಗಾಳಿ ರಂಧ್ರ ಕಟ್ಟಿದೆ, ಒಂದು ಪಿನ್ ಸಾಕು. ಮತ್ತೆ ಟೈರ್ ಬಿರುಕು, ಬ್ರೇಕ್ ಕೇಬಲ್ ನೋಡದೆ ಹಾಸನ ರೋಡಿಗೆ ಇಳಿಯಬೇಡ, ಆರ್‌ಸಿ, ಇನ್ಶೂರೆನ್ಸ್ ಇದೆಯಾ ಅಂತಲೂ ನೋಡು. ಆರ್‌ಸಿಯನ್ನು 15 ವರ್ಷ ಆದಮೇಲೆ 5 ವರ್ಷಕ್ಕೊಮ್ಮೆ ರಿನ್ಯೂ ಮಾಡಿಸಬೇಕು.

ಭಾವ, ನೀವು ಗುಜರಿ ಅಂದಿದ್ದು ನನಗೆ ಬೇಜಾರಾಯಿತು, ಇದ್ದದ್ದು ಹೇಳ್ತೀನಿ. ಆಗ ಚೇತಕ್‌ಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು, ನಿಮ್ಮ ತಂದೆಯವರೂ ಹಾಗೇ ಕಾದು ತಂದಿದ್ದು. ತೆಂಗಿನಕಾಯಿ ಮೂಟೆ, ಮಂಡಿಗೆ ಕೊಬ್ಬರಿ, ಅಕ್ಕನ ಹೆರಿಗೆಗೆ ಆಸ್ಪತ್ರೆ, ಎಲ್ಲಾ ಅದರ ಮೇಲೇ ಆಯಿತು. ಅದರ ಬಾಡಿ ಪೂರ್ತಿ ತಗಡು, ಪ್ರತಿ ಭಾಗವನ್ನೂ ಬಿಚ್ಚಿ ಸರಿ ಮಾಡಬಹುದು, ಸಾಮಾನೂ ಇನ್ನೂ ಸಿಗುತ್ತೆ. ಹುಡುಗಿ ತಾನೇ ಕೈ ಕಪ್ಪು ಮಾಡಿಕೊಂಡು ಸರಿ ಮಾಡ್ತೀನಿ ಅಂತ ನಿಂತಿದ್ದಾಳೆ, ಮಾಡಲಿ ಬಿಡಿ.

ಪುಟ್ಟಿ, ಪಾಯಿಂಟ್, ಪ್ಲಗ್ ಕ್ಯಾಪ್, ಕಾರ್ಬುರೇಟರ್ ವಾಷರ್ ಸೆಟ್ ತಿಪಟೂರಲ್ಲಿ ಸಿಗದಿದ್ದರೆ ನೀನು ಬೆಂಗಳೂರಿಗೆ ವಾಪಸ್ ಹೋದಾಗ ಜೆ.ಸಿ. ರಸ್ತೆಯಲ್ಲಿ ಕೇಳು. ಈಗ ಮೊದಲು ಪ್ಲಗ್ ಬಿಚ್ಚಿ, ಒರೆಸದೆ, ಹತ್ತಿರದಿಂದ ಒಂದು ಫೋಟೋ ತೆಗೆದು ಇಲ್ಲಿ ಹಾಕು. ಒದ್ದೆಯೋ ಒಣಗಿದೆಯೋ ಅನ್ನೋದನ್ನೂ ಬರಿ, ಫೋಟೋದಲ್ಲಿ ಅದು ಸರಿಯಾಗಿ ತಿಳಿಯಲ್ಲ.