ಅಪ್‌ಡೇಟ್: ಹಳೇ ಕಾರು ಕೊನೆಗೂ ಸ್ಟಾರ್ಟ್ ಆಯಿತು

ಎಂಜಿನ್ ಬದಲಾಯಿಸಿದ ಮೇಲೆ ಸ್ಟಾರ್ಟರ್ (ಎಂಜಿನ್ ತಿರುಗಿಸುವ ಮೋಟರ್) ಬರೀ 'ಟಕ್' ಅನ್ನುತ್ತದೆ, ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬುರೇಟರ್‌ನಿಂದ ಪೆಟ್ರೋಲ್ ಉಕ್ಕುತ್ತದೆ, ಏನು ಮಾಡಲಿ ಎಂದು ಇಲ್ಲಿ ಮೊದಲು ಕೇಳಿದ್ದೆ. ಎರಡೂ ಸರಿಹೋದವು.

ಸ್ಟಾರ್ಟರ್‌ದು ತಪ್ಪೇ ಇರಲಿಲ್ಲ. ನೀವು ಹೇಳಿದಂತೆ ವೋಲ್ಟ್ ಅಳೆಯುವ ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕ್‌ಗೆ ಹಿಡಿದು ಕೀ ತಿರುಗಿಸಿದೆ. 3 ವೋಲ್ಟ್ ತೋರಿಸಿತು! ಈ ಎರಡರ ನಡುವೆ ಅರ್ಧ ವೋಲ್ಟ್ ಕೂಡ ಜಾಸ್ತಿನೇ, ಅಲ್ವಾ? ಅರ್ತ್ ಪಟ್ಟಿ (ಎಂಜಿನ್‌ನಿಂದ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಬಿಚ್ಚಿದರೆ ಅಡಿಯಲ್ಲಿ ಎಂಜಿನ್‌ಗೆ ಹೊಡೆದ ಹೊಸ ಬಣ್ಣ ಹಾಗೇ ಇದ್ದು ಕರೆಂಟ್ ತಡೆಯುತ್ತಿತ್ತು. ಲೋಹ ಹೊಳೆಯುವ ತನಕ ಕೆರೆದು ಬಿಗಿ ಮಾಡಿದೆ. ಒಂದೇ ಸಲಕ್ಕೆ ತಿರುಗಿತು.

ಕಾರ್ಬುರೇಟರ್ ತುಂಬಿದಾಗ ಪೆಟ್ರೋಲ್ ನಿಲ್ಲಿಸುವ ನೀಡಲ್ ವಾಲ್ವ್‌ನಲ್ಲಿ ಹಳೇ ಹೋಸ್‌ನ ರಬ್ಬರ್ ಚೂರು ಸಿಕ್ಕಿಕೊಂಡಿತ್ತು, ಸಾಸಿವೆಗಿಂತ ಚಿಕ್ಕದು. ಹೋಸ್, ಫಿಲ್ಟರ್ ಎರಡನ್ನೂ ಬದಲಾಯಿಸಿದೆ. ಆ ವಾಲ್ವ್ ತೆರೆದು ಮುಚ್ಚುವ ಫ್ಲೋಟ್ (ಪೆಟ್ರೋಲ್ ಮೇಲೆ ತೇಲುವ ಭಾಗ) ಮುಟ್ಟಲಿಲ್ಲ.

ಸುಮ್ನೆ ಹೊಸ ಸ್ಟಾರ್ಟರ್ ಕೊಳ್ಳಬೇಡಿ, ಮೊದಲು ಅರ್ತ್ ನೋಡಿ ಎಂದವರಿಗೆ ತುಂಬಾ ಥ್ಯಾಂಕ್ಸ್.