34ನೇ ವಾರದ ಸ್ಕ್ಯಾನ್ ರಿಪೋರ್ಟ್ ಅರ್ಥ ಆಗ್ತಿಲ್ಲ, ಸಹಾಯ ಬೇಕು

ನನಗೀಗ 34 ವಾರ. ಮೊನ್ನೆ ಗ್ರೋತ್ ಸ್ಕ್ಯಾನ್ ಆಯ್ತು. ಮಗುವಿನ ತಲೆ, ತೊಡೆಮೂಳೆ ಅಳತೆ ವಾರಕ್ಕೆ ಸರಿಯಾಗಿದೆ. ಹೊಟ್ಟೆಯ ಸುತ್ತಳತೆ ಮಾತ್ರ 31 ವಾರ 5 ದಿನ ಅಂತ ತೋರಿಸ್ತಿದೆ. ತೂಕ ಅಂದಾಜು 1,950 ಗ್ರಾಂ, ಪಕ್ಕದಲ್ಲಿ 9ನೇ ಪರ್ಸೆಂಟೈಲ್ ಅಂತಿದೆ, ಅಂದ್ರೆ ಇದೇ ವಾರದ ನೂರು ಮಕ್ಕಳಲ್ಲಿ ಸುಮಾರು ಒಂಬತ್ತು ಮಾತ್ರ ಇದಕ್ಕಿಂತ ಸಣ್ಣ. ಮಗುವಿನ ಸುತ್ತ ಇರೋ ನೀರು 9 ಸೆಂ.ಮೀ., ರಕ್ತದ ಹರಿವು ನೋಡೋ ಡಾಪ್ಲರ್ ನಾರ್ಮಲ್.

ಸ್ಕ್ಯಾನ್ ಮಾಡಿದವರನ್ನ ಕೇಳಿದ್ರೆ ‘ನಿಮ್ಮ ಡಾಕ್ಟರ್ ಹೇಳ್ತಾರೆ’ ಅಂದ್ರು. ಡಾಕ್ಟರ್ ‘ಮಗು ಸ್ವಲ್ಪ ಸಣ್ಣದು, ಎರಡು ವಾರ ಬಿಟ್ಟು ಮತ್ತೆ ನೋಡೋಣ, ಒದೆಯೋದು ಕಡಿಮೆ ಆದ್ರೆ ಕಾಯದೆ ತಕ್ಷಣ ಬನ್ನಿ’ ಅಂದ್ರು. ಗಾಬರೀಲಿ ನನಗೆ ಬಾಯೇ ಬರಲಿಲ್ಲ. ಮನೆಗೆ ಬಂದು ಹಳೇ ರಿಪೋರ್ಟ್‌ಗಳನ್ನೆಲ್ಲ ಹರಡಿ ನೋಡ್ದೆ. 12ನೇ ವಾರದ ಸ್ಕ್ಯಾನ್‌ನಲ್ಲಿ ಕೊಟ್ಟ ಹೆರಿಗೆ ತಾರೀಖೂ ಮುಟ್ಟಿನ ಲೆಕ್ಕಾನೂ ಒಂದೇ, ಹಾಗಾಗಿ ದಿನ ತಪ್ಪಿರೋ ಸಾಧ್ಯತೆ ಇಲ್ಲ. ಈ ಹಂತದಲ್ಲಿ ತೂಕದ ಅಂದಾಜು ಶೇ. 10–15ರಷ್ಟು ಆಚೀಚೆ ಆಗಬಹುದು ಅಂತಾನೂ ಓದಿದೆ. ಮಗು ಚೆನ್ನಾಗೇ ಒದೀತಿದೆ.

ನನ್ನ ಗೊಂದಲ ಇಷ್ಟೇ: ನೀರು, ಡಾಪ್ಲರ್ ಸರಿ ಇದ್ದು ಹೊಟ್ಟೆ ಅಳತೆ ಮಾತ್ರ ಹಿಂದಿದ್ರೆ, ಅದು ಸಹಜವಾಗೇ ಸಣ್ಣ ಮಗುವೋ, ಬೆಳವಣಿಗೆ ಕುಂಠಿತ ಆಗಿರೋದೋ? ಎರಡನ್ನೂ ಹೇಗೆ ಬೇರೆ ಮಾಡ್ತಾರೆ? ಡಾಕ್ಟರ್ ಹತ್ರ ಏನೇನು ಕೇಳಲಿ?